ಪಹಣಿ ಇಲ್ದವ್ರನ್ನೂ ಒಂದ್ ಮಾತು ಕೇಳಿ

ನಮಸ್ಕಾರ ಎಲ್ರಿಗೂ. ಇವತ್ತು ಸೋಲಾರ್ ಬಗ್ಗೆ ಮಾತಾಡ್ಬೇಕು, ತಾರಸಿ ಮೇಲಿಂದಲ್ಲ, ಹೊಲದಲ್ಲಿ ಎಕರೆಗಟ್ಟಲೆ ಹಾಕ್ತಾರಲ್ಲ, ಅದ್ರ ಬಗ್ಗೆ. ಸರ್ವೆಯವ್ರು ಬಂದು ಅಳತೆ ಮಾಡ್ತಾರೆ, ಊರವ್ರು ಅಡ್ಡ ನಿಲ್ತಾರೆ, ಆಮೇಲೆ ಊರವ್ರಿಗೆ ಅಭಿವೃದ್ಧಿ ವಿರೋಧಿಗಳು ಅಂತ ಹಣೆಪಟ್ಟಿ. ನನಗೆ ಅಷ್ಟು ಸಲೀಸಾಗಿ ಹಾಗೆ ಹೇಳೋಕಾಗಲ್ಲ, ಯಾಕಂದ್ರೆ ಪಾವಗಡದ ಸೋಲಾರ್ ಪಾರ್ಕ್ ನೋಡ್ಕೊಂಡ್ ಬಂದಿದೀನಿ.

ತುಮಕೂರು ಜಿಲ್ಲೆ ಪಾವಗಡ ತಾಲೂಕು, ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದೂರು ಸೇರಿ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರಲ್ಲಿ ಉದ್ಘಾಟನೆ ಆಗಿ 2019ರ ಕೊನೆಗೆ ಪೂರ್ತಿ ಆಯ್ತು. ಇಲ್ಲಿ ಒಂದು ಒಳ್ಳೇದು ನಡೀತು, ಅದನ್ನ ಹೇಳ್ಲೇಬೇಕು: ರೈತರ ಜಮೀನು ಕಿತ್ಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ತಗೊಂಡ್ರು, ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಂದ್ಸಲ 5 ಪರ್ಸೆಂಟ್ ಜಾಸ್ತಿ. ಮಳೆ ಬಂದ್ರೆ ಕಡ್ಲೆಕಾಯಿ, ಇಲ್ಲಾಂದ್ರೆ ಬೆಂಗಳೂರು ಬಸ್ಸು ಅಂತಿದ್ದ ಊರಲ್ಲಿ ಹತ್ತಿಪ್ಪತ್ತು ಎಕರೆ ಇದ್ದವ್ರಿಗೆ ಇದು ನಿಜವಾಗ್ಲೂ ಆಸರೆ.

ಆದ್ರೆ ಎರಡೇ ಎಕರೆ ಇದ್ದವ್ರ ಲೆಕ್ಕ ಹಾಕಿ. ಶುರುವಲ್ಲಿ ವರ್ಷಕ್ಕೆ 42,000, ಅಂದ್ರೆ ತಿಂಗಳಿಗೆ ಮೂರೂವರೆ ಸಾವಿರ. ಜಮೀನೇ ಇಲ್ದವ್ರು? ಕಳೆ ಕೀಳೋಕೆ, ಕಡ್ಲೆಕಾಯಿ ಬಿಡ್ಸೋಕೆ ಹೋಗ್ತಿದ್ದ ಹೆಣ್ಮಕ್ಕಳ ಕೂಲಿ ಹೊಲದ ಜೊತೆಗೇ ಹೋಯ್ತು. ತಲೆತಲಾಂತರದಿಂದ ಉಳ್ತಿದ್ರೂ ಕಾಗದ ಇಲ್ದಿರೋ ಬಗರ್‌ಹುಕುಂ ಕುಟುಂಬಗಳ ಕೈಗೆ ಗುತ್ತಿಗೆ ದುಡ್ಡು ಎಲ್ಲಿಂದ ಬರುತ್ತೆ?

ಬೇಲಿ ಪಕ್ಕ ರೋಡಲ್ಲಿ ಒಬ್ರು ಕುರಿ ಕಾಯೋ ಅಜ್ಜ ಸಿಕ್ಕಿದ್ರು. ತಂತಿ ಬೇಲಿ ಒಳಗಡೆ ಪ್ಯಾನೆಲ್ ನೆರಳಲ್ಲಿ ಹಸೀ ಹುಲ್ಲು, ಕುರಿಗಳು ಬೇಲಿ ಸಂದೀಲಿ ಮೂತಿ ತೂರ್ಸಿ ಎಟುಕಿದಷ್ಟು ಎಳ್ಕೊಂಡ್ ತಿಂತಿದ್ವು. "ಮೊದ್ಲು ಇದೆಲ್ಲಾ ನಮ್ ಕುರಿ ತಿರುಗೋ ಜಾಗನೇ ಸ್ವಾಮಿ, ಈಗ ಆ ಗುಡ್ಡ ಸುತ್ತಾಕ್ಕಂಡ್ ಹೋಗ್ಬೇಕು, ಅದ್ಕೇ ಅರ್ಧ ಕುರಿ ಮಾರ್ಬಿಟ್ಟೆ" ಅಂದ್ರು. ಒಳಗಡೆ ಅದೇ ಹುಲ್ಲನ್ನ ಕೂಲಿಯವ್ರು ಮಷಿನ್ ಹಿಡ್ಕೊಂಡು ಕತ್ತರಿಸ್ತಿದ್ರು. ಅದನ್ನ ನೋಡ್ತಾ ನನಗೆ ಹೊಟ್ಟೆ ಉರೀತು. ಅಮೆರಿಕಾ, ಆಸ್ಟ್ರೇಲಿಯಾದಲ್ಲಿ ಪ್ಯಾನೆಲ್ ಕೆಳಗಿನ ಹುಲ್ಲಿಗೆ ಕುರಿ ಬಿಡ್ತಾರೆ, ಮೇಕೆ ಆದ್ರೆ ಪ್ಯಾನೆಲ್ ಮೇಲೆ ಹತ್ತುತ್ತೆ, ಕುರಿ ತಲೆ ತಗ್ಗಿಸ್ಕೊಂಡು ಮೇಯುತ್ತೆ ಅಷ್ಟೇ. ನಮ್ಮಲ್ಲಿ ಯಾಕಾಗಲ್ಲ?

ನನ್ನ ಪ್ರಕಾರ ತೊಂದ್ರೆ ಇರೋದು ಯಾರನ್ನ ಕೇಳ್ತಾರೆ ಅನ್ನೋದ್ರಲ್ಲಿ. ಕೃಷಿ ಜಮೀನನ್ನ ಬೇರೆ ಉಪಯೋಗಕ್ಕೆ ತಗೊಳ್ಳೋಕೆ ಭೂ ಪರಿವರ್ತನೆ ಅಂತ ಇದೆ, ಕಂದಾಯ ಕಾಯ್ದೆ 95ನೇ ಸೆಕ್ಷನ್, ಡಿಸಿ ಆಫೀಸಿನ ಕೆಲ್ಸ. ಆ ಫೈಲಲ್ಲಿ ಪಹಣಿ, ಅಂದ್ರೆ ಜಮೀನು ಯಾರ ಹೆಸ್ರಲ್ಲಿದೆ ಅನ್ನೋ ದಾಖಲೆ ಇದೆ, ಸರ್ವೆ ನಂಬರ್ ಇದೆ, ಮಾಲೀಕನ ಸಹಿ ಇದೆ. ಆ ಅಜ್ಜನ ಹೆಸ್ರು ಯಾವ ಕಾಲಮ್ಮಲ್ಲಿ ಬರುತ್ತೆ? ಕೂಲಿ ಹೆಂಗಸಿನ ಹೆಸ್ರು? ಮಾಲೀಕ ಒಬ್ನೇ ಒಪ್ಪಿದ್ರೂ ಆ ಹೊಲದ ಮೇಲೆ ಬದುಕ್ತಿದ್ದವ್ರು ಹತ್ತು ಜನ ಇರ್ತಾರೆ.

ಪಾವಗಡದಲ್ಲಿ ಆಗಿದ್ದು ಆಗೋಯ್ತು. ಆದ್ರೆ ಈಗ ರೈತರ ಪಂಪ್‌ಸೆಟ್‌ಗಳಿಗೆ ಕರೆಂಟ್ ಕೊಡೋ ಲೈನ್‌ಗಳಿಗೆ (ಫೀಡರ್ ಅಂತಾರೆ) ಸೋಲಾರ್ ಹಾಕ್ತೀವಿ ಅಂತ ಸಬ್‌ಸ್ಟೇಷನ್ ಸುತ್ತಮುತ್ತ ಜಾಗ ಹುಡುಕ್ತಿದಾರೆ, ದನಕರು ಮೇಯೋ ಗೋಮಾಳನೂ ಬಿಡ್ತಿಲ್ಲ. ಹಗಲು ಹೊತ್ತು ಕರೆಂಟ್ ಸಿಗೋದು ರೈತರಿಗೆ ಬೇಕಾಗಿರೋದೇ, ಹಾಕ್ಲಿ. ಆದ್ರೆ ಬೇಲಿ ಕಂಬ ನೆಡೋಕೆ ಮುಂಚೆ ಗ್ರಾಮಸಭೆ ಕರೀರಿ, ಕುರಿಯವ್ರು ಹೊರಡೋ ಮುಂಚೆ ಬೆಳಗ್ಗೆ ಆರಕ್ಕೋ, ಕೂಲಿ ಮುಗಿಸ್ಕೊಂಡ್ ಬರೋ ಸಂಜೆ ಹೊತ್ತಿಗೋ ಇಡಿ, ದನಕರು ಓಡಾಡೋ ದಾರಿ, ಕೆರೆಗೆ ನೀರು ಹರಿಯೋ ಹಳ್ಳ ಎಲ್ಲೆಲ್ಲಿದೆ ಅಂತ ಅವರ ಬಾಯಿಂದ್ಲೇ ಕೇಳಿ ನಕ್ಷೇಲಿ ಬರ್ಕೊಳ್ಳಿ. ಆಮೇಲೆ ಸರ್ವೆಯವ್ರನ್ನ ಕಳ್ಸಿ.