ಗಾಯಕ್ಕೆ ಗಾಳಿ ಆಡಬೇಕೇ?

ಎಲ್ಲರಿಗೂ ನಮಸ್ಕಾರ. ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ನಿಮ್ಮ ಕೈ ಮೊದಲು ಹೋಗುವುದು ಎಲ್ಲಿಗೆ? ಅರಿಶಿನದ ಡಬ್ಬಿಗೆ, ಅಲ್ವಾ? ಕಾಫಿ ಸೀಮೆಯವರಾದರೆ ಕಾಫಿಪುಡಿಗೆ. ನಮ್ಮಜ್ಜಿಯೂ ಹಾಗೇ ಮಾಡುತ್ತಿದ್ದರು. ಆದರೆ ಆ ಡಬ್ಬಿಯಲ್ಲಿ ಮನೆಮಂದಿಯೆಲ್ಲರ ಕೈಯೂ ಆಡಿರುತ್ತದೆ. ಪುಡಿ ಗಾಯದೊಳಗೆ ಕೂತರೆ ತೊಳೆದು ತೆಗೆಯುವುದೇ ಇನ್ನೊಂದು ಕೆಲಸ. ಡಬ್ಬಿ ಬಿಟ್ಟು ನಲ್ಲಿಯ ಹತ್ತಿರ ಹೋಗಿ. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೆ ಶುಭ್ರ ಬಟ್ಟೆಯಿಂದ ಐದು–ಹತ್ತು ನಿಮಿಷ ಒತ್ತಿ ಹಿಡಿಯಿರಿ. ರಕ್ತ ನಿಂತಿತಾ ಅಂತ ನಡುನಡುವೆ ತೆಗೆದು ನೋಡಬೇಡಿ. ನಾವೆಲ್ಲ ಮಾಡುವ ತಪ್ಪು ಅದೇ.

ಬ್ಯಾಂಡೇಡ್ ಹುಟ್ಟಿದ್ದೂ ಅಡುಗೆಮನೆಯ ಗಾಯದಿಂದಲೇ. 1920ರಲ್ಲಿ ಅಮೆರಿಕದ ಅರ್ಲ್ ಡಿಕ್ಸನ್ ಎಂಬವರ ಹೆಂಡತಿ ಜೋಸೆಫೀನ್ ಅಡುಗೆ ಮಾಡುವಾಗ ಆಗಾಗ ಕೈ ಕೊಯ್ದುಕೊಳ್ಳುತ್ತಿದ್ದರು, ಸುಟ್ಟುಕೊಳ್ಳುತ್ತಿದ್ದರು. ಗಂಡ ಮನೆಯಲ್ಲಿಲ್ಲದಾಗ ಒಂದೇ ಕೈಯಲ್ಲಿ ಪಟ್ಟಿ ಕಟ್ಟಿಕೊಳ್ಳುವುದು ಹೇಗೆ? ಡಿಕ್ಸನ್ ಅಂಟುಪಟ್ಟಿಯ ನಡುವೆ ಗಾಜ್ ಎಂಬ ಜಾಳು ಬಟ್ಟೆಯ ತುಂಡುಗಳನ್ನಿಟ್ಟು ಸಿದ್ಧ ಮಾಡಿಕೊಟ್ಟರು. ಬೇಕಾದಾಗ ಕತ್ತರಿಸಿ ಅಂಟಿಸಿಕೊಂಡರಾಯಿತು. ಅವರು ಕೆಲಸ ಮಾಡುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಅದನ್ನೇ ಮಾರುಕಟ್ಟೆಗೆ ತಂದಿತು.

“ಮುಚ್ಚಬೇಡ, ಗಾಳಿ ಆಡಲಿ, ಬೇಗ ಒಣಗುತ್ತೆ” ಅನ್ನುವವರು ಈಗಲೂ ಇದ್ದಾರೆ. ಒಣಗುತ್ತದೆ, ನಿಜ. ಆದರೆ ಒಣಗುವುದು ಬೇರೆ, ಮಾಯುವುದು ಬೇರೆ. ಹೊಸ ಚರ್ಮ ಗಾಯದ ಅಂಚಿನಿಂದ ಒಳಕ್ಕೆ ತೆವಳಿಕೊಂಡು ಬರುತ್ತದೆ. ಒಣಗಿದ ಹಕ್ಕಳೆ ಗಟ್ಟಿಯಾಗಿ ಕೂತಿದ್ದರೆ ಅದು ಹಕ್ಕಳೆಯ ಅಡಿಯಲ್ಲಿ ದಾರಿ ಕೊರೆದುಕೊಂಡು ಬರಬೇಕು. ಸ್ವಲ್ಪ ಪಸೆ ಇದ್ದರೆ ಸಲೀಸಾಗಿ ಜಾರಿಕೊಂಡು ಬರುತ್ತದೆ. 1962ರಲ್ಲಿ ಲಂಡನ್ನಿನ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೈಮೇಲಿನ ಸಣ್ಣ ಗಾಯಗಳಲ್ಲಿ ಇದನ್ನು ತೋರಿಸಿದರು. ಪಾಲಿಥೀನ್ ಹಾಳೆ ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬಂದಿತ್ತು.

ಪಸೆ ಅಂದರೆ ತೊಪ್ಪೆ ಅಲ್ಲ. ಪಾತ್ರೆ ತೊಳೆದು ನೆನೆದ ಬ್ಯಾಂಡೇಡನ್ನು ಸಂಜೆವರೆಗೂ ಹಾಕಿಕೊಂಡಿರಬೇಡಿ. ನೆನೆದರೆ, ಕೊಳೆಯಾದರೆ ಆಗಲೇ ಬದಲಿಸಿ. ಇಲ್ಲದಿದ್ದರೂ ದಿನಕ್ಕೊಮ್ಮೆ ಬದಲಿಸಿ. ಬಿಗಿಯಾಗಿ ಸುತ್ತಿ ಬೆರಳ ತುದಿ ನೀಲಿಯಾದರೆ ತಕ್ಷಣ ಬಿಚ್ಚಿ.

ನಾಯಿ ಕಚ್ಚಿದರೆ ಬ್ಯಾಂಡೇಡ್ ಬೇಡವೇ ಬೇಡ. ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಆಳಕ್ಕೆ ಚುಚ್ಚಿದ ಮೊಳೆ, ನಿಲ್ಲದ ರಕ್ತ, ಕೀವು, ಹರಡುತ್ತಿರುವ ಕೆಂಪು, ಇವಕ್ಕೂ ಡಾಕ್ಟರೇ ಬೇಕು. ಧನುರ್ವಾಯು ಇಂಜೆಕ್ಷನ್ ಬೇಕೇ ಅಂತಲೂ ಕೇಳಿ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಎಷ್ಟೇ ಚಿಕ್ಕದಾದರೂ ತೋರಿಸಿಬಿಡಿ.

ಬೆರಳ ತುದಿಗೆ ಅಂಟಿಸಿದರೆ ನಿಲ್ಲುವುದೇ ಇಲ್ಲ ಅಂತ ಆಗಲೇ ಒಬ್ಬರು ಕೇಳಿದರು. ಒಂದು ಕತ್ತರಿ ಕೊಡಿ. ನೋಡಿ, ಎರಡೂ ಬದಿಯ ಅಂಟುಪಟ್ಟಿಯನ್ನು ನಡುವೆ ಉದ್ದಕ್ಕೆ ಸೀಳಬೇಕು. ಗಾಜ್ ತನಕ ಸಾಕು, ಗಾಜ್ ಕತ್ತರಿಸಬಾರದು. ಈಗ ನಾಲ್ಕು ಬಾಲ ಆಯಿತು. ಗಾಜ್ ಬಟ್ಟೆಯನ್ನು ಗಾಯದ ಮೇಲಿಟ್ಟು ಬಾಲಗಳನ್ನು ಕತ್ತರಿ ಆಕಾರದಲ್ಲಿ ಒಂದರ ಮೇಲೊಂದು ಅಂಟಿಸಿ. ಅಮ್ಮಾ, ನಿಮ್ಮ ಬೆರಳು ಸ್ವಲ್ಪ ಕೊಡಿ, ಮಾಡಿ ತೋರಿಸುತ್ತೇನೆ.