ಪ್ರಪೋಸಲ್ ಬರೆಯೋಕೆ ಕೂತಿದ್ದೀರಾ? ಮೊದಲು ಬಜೆಟ್ ಹಾಕಿ

ನಮಸ್ಕಾರ. ಶಿಡ್ಲಘಟ್ಟದಿಂದ ಮಾತಾಡುತ್ತಿದ್ದೇನೆ. ಹಿಂದೆ ಬಸ್ ಹಾರ್ನ್ ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ, ನಮ್ಮ ಟ್ರಸ್ಟ್ ಆಫೀಸು ರಸ್ತೆ ಪಕ್ಕದಲ್ಲೇ ಇದೆ.

ನಮ್ಮ ಸಂಜೆ ಕಲಿಕಾ ಕೇಂದ್ರಗಳಿಗೆ ದುಡ್ಡು ಕೇಳಿ ನಾವು ಮೊದಲನೇ ಸಲ ಪ್ರಪೋಸಲ್ ಬರೆದಾಗ ಅದು 22 ಪುಟ ಇತ್ತು. ಸ್ಪೈರಲ್ ಬೈಂಡಿಂಗ್ ಬೇರೆ. ಎರಡು ವಾರ ಆದಮೇಲೆ, ದುಡ್ಡು ಕೇಳಿದ್ದ ಕಡೆಯಿಂದ, ಬೆಂಗಳೂರಿಂದ ಫೋನ್ ಬಂತು. ಆ ಕಡೆಯ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಸರ್, 6 ಕೇಂದ್ರ ಅಂತ ಬರೆದಿದ್ದೀರಿ, ಬಜೆಟ್‌ನಲ್ಲಿ 5 ಜನಕ್ಕೆ ಗೌರವಧನ ಹಾಕಿದ್ದೀರಿ. ಆರನೇ ಕೇಂದ್ರದಲ್ಲಿ ಪಾಠ ಮಾಡೋರು ಯಾರು?" ನನ್ನ ಹತ್ರ ಉತ್ತರ ಇರಲಿಲ್ಲ. ದುಡ್ಡೂ ಬರಲಿಲ್ಲ.

ಅವತ್ತು ಗೊತ್ತಾಗಿದ್ದು ಏನಂದ್ರೆ, ದುಡ್ಡು ಕೊಡುವವರು ಮೊದಲು ತಿರುಗಿಸೋದು ಬಜೆಟ್ ಪುಟಕ್ಕೆ. ನಾವು ಅದನ್ನು ಕೊನೇ ದಿನ ರಾತ್ರಿ ಹನ್ನೊಂದಕ್ಕೆ ಮಾಡಿದ್ದೆವು. ಈಗ ಉಲ್ಟಾ ಮಾಡುತ್ತೇವೆ, ಮೊದಲು ಲೆಕ್ಕ, ಆಮೇಲೆ ಮಾತು.

[ಸ್ಕ್ರೀನ್ ಮೇಲೆ ಖಾಲಿ ಎಕ್ಸೆಲ್ ಶೀಟ್]

ನಮ್ಮದೇ ಕೆಲಸ ಇಟ್ಟುಕೊಂಡು ಹಾಕೋಣ. ಸಂಜೆ ಕಲಿಕಾ ಕೇಂದ್ರ, 6 ಹಳ್ಳಿ, ಒಂದೊಂದರಲ್ಲಿ 25 ಮಕ್ಕಳು, ಒಟ್ಟು 150. ನಾಲ್ಕು, ಐದನೇ ಕ್ಲಾಸಿನವರು.

ಟೀಚರ್ ಗೌರವಧನ ತಿಂಗಳಿಗೆ 6,000. ಆರು ಜನ, ಹತ್ತು ತಿಂಗಳು: 3,60,000. ಯಾಕೆ ಹತ್ತು? ಬೇಸಿಗೆ ರಜೆ ಇರುತ್ತದೆ ಅಲ್ವಾ. ಕಣ್ಣುಮುಚ್ಚಿ ಹನ್ನೆರಡು ತಿಂಗಳು ಹಾಕಿದರೆ, ಇವರು ಶಾಲೆ ಕಡೆ ಹೋಗಿಯೇ ಇಲ್ಲ ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಕೋಆರ್ಡಿನೇಟರ್ ಸಂಬಳ 18,000, ಇವರಿಗೆ ಹನ್ನೆರಡು ತಿಂಗಳೂ ಕೆಲಸ ಇದೆ: 2,16,000. ಅವರ ಬೈಕಿಗೆ ಪೆಟ್ರೋಲ್ 25,000. ಪುಸ್ತಕ, ಸ್ಲೇಟು, ಚಾರ್ಟು, ಮಗುವಿಗೆ 400ರಂತೆ 60,000. ಟೀಚರ್‌ಗಳಿಗೆ ಐದು ದಿನದ ತರಬೇತಿ, ಊಟ, ಬಸ್ ಚಾರ್ಜು ಸೇರಿ 15,000. ವರ್ಷದ ಮೊದಲು ಮತ್ತು ಕೊನೆಗೆ ಮಕ್ಕಳ ಓದು ಪರೀಕ್ಷಿಸೋಕೆ 10,000.

ಇಲ್ಲಿಗೆ 6,86,000. ಸುಮಾರು ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ನಾವೂ ನಿಲ್ಲಿಸಿದ್ದೆವು. ಅಕೌಂಟೆಂಟ್‌ಗೆ, ಆಡಿಟರ್‌ಗೆ ಕೊಡೋ ದುಡ್ಡು ಕೇಳೋಕೆ ಏನೋ ನಾಚಿಕೆ, ಕೇಳಿದರೆ ದುರಾಸೆ ಅಂದುಕೊಳ್ತಾರೇನೋ ಅಂತ. ಆ ವರ್ಷ ಆಡಿಟ್ ಫೀಸು ನಮ್ಮ ಟ್ರಸ್ಟಿಯೊಬ್ಬರ ಜೇಬಿಂದ ಹೋಯಿತು. ಸುಮ್ನೆ ಬರೆಯಿರಿ: ಅರೆಕಾಲಿಕ ಅಕೌಂಟೆಂಟ್ 48,000, ಆಡಿಟ್ 15,000. ಒಟ್ಟು 7,49,000.

ಈಗ 150ರಿಂದ ಭಾಗಿಸಿ. ಒಂದು ಮಗುವಿಗೆ ವರ್ಷಕ್ಕೆ ಸುಮಾರು 5,000 ರೂಪಾಯಿ. ಈ ಒಂದು ಅಂಕಿಯನ್ನು ಮೊದಲ ಪುಟದಲ್ಲೇ ಹಾಕಿ, ಯಾಕಂದ್ರೆ ನೀವು ಹಾಕದಿದ್ದರೂ ಅವರು ಕ್ಯಾಲ್ಕ್ಯುಲೇಟರ್ ತಗೊಂಡು ಮಾಡಿಯೇ ಮಾಡುತ್ತಾರೆ. ಪಂಚಾಯಿತಿ ರೂಮು ಕೊಟ್ಟಿದ್ದರೆ, ಕರೆಂಟು ಶಾಲೆಯದ್ದಾದರೆ, ಅದನ್ನೂ ಪಕ್ಕದ ಕಾಲಂನಲ್ಲಿ ಸ್ಥಳೀಯರ ಪಾಲು ಅಂತ ತೋರಿಸಿ.

ಸರಿ, ಈಗ ಮಾತು.

"ಭಾರತದಲ್ಲಿ ಕೋಟ್ಯಂತರ ಮಕ್ಕಳು" ಅಂತ ಶುರುಮಾಡಬೇಡಿ, ದಯವಿಟ್ಟು. ಅವರ ಟೇಬಲ್ ಮೇಲಿರೋ ಅರ್ಧ ಪ್ರಪೋಸಲ್‌ಗಳು ಹಾಗೇ ಶುರುವಾಗಿರುತ್ತವೆ. ನೀವು ಕಣ್ಣಾರೆ ಕಂಡಿದ್ದನ್ನು ಬರೆಯಿರಿ. ನಾನು ಕಂಡಿದ್ದು ಹೇಳುತ್ತೇನೆ.

ಒಂದು ಹಳ್ಳಿಯ ಶಾಲೆಯಲ್ಲಿ ಐದನೇ ಕ್ಲಾಸಿನ ಹುಡುಗಿಗೆ ಎರಡನೇ ಕ್ಲಾಸಿನ ಪುಸ್ತಕ ಕೊಟ್ಟೆ. ಸಲೀಸಾಗಿ ಓದಿದಳು, ರಾಗವಾಗಿ. ನನಗೆ ಖುಷಿ ಆಯಿತು. ಯಾಕೋ ಅನುಮಾನ ಬಂದು ಪುಸ್ತಕ ಮುಚ್ಚಿದೆ. ಅವಳು ಓದುತ್ತಲೇ ಇದ್ದಳು. ಇಡೀ ಪಾಠ ಬಾಯಿಪಾಠ. ಅದೇ ಪದಗಳನ್ನು ಬೇರೆ ಚೀಟಿಯಲ್ಲಿ ಬರೆದು ಕೊಟ್ಟರೆ ಸುಮ್ಮನೆ ನನ್ನ ಮುಖ ನೋಡಿದಳು.

ಇಷ್ಟೇ ನಮ್ಮ ಎರಡನೇ ಪ್ರಪೋಸಲ್‌ನ ಮೊದಲ ಪ್ಯಾರಾ. ಆಮೇಲೆ ಲೆಕ್ಕ: ಇಂಥ ಆರು ಹಳ್ಳಿಯಲ್ಲಿ ಇಷ್ಟು ಮಕ್ಕಳನ್ನು ಓದಿಸಿ ನೋಡಿದೆವು, ಇಷ್ಟು ಜನಕ್ಕೆ ಪದ ಬರುತ್ತದೆ, ಇಷ್ಟು ಜನಕ್ಕೆ ಅಕ್ಷರವೂ ಬರಲ್ಲ. ಇದಕ್ಕೆ ದೊಡ್ಡ ಸರ್ವೆ ಏನೂ ಬೇಡ. ಹೆಡ್‌ಮಾಸ್ಟರ್‌ಗೆ ಹೇಳಿ, ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದ್ರೆ ಎಸ್‌ಡಿಎಂಸಿಯವರಿಗೆ ತಿಳಿಸಿ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಅನುಮತಿ ಪತ್ರ ಇಟ್ಟುಕೊಂಡು ಹೋದರೆ ನಾಲ್ಕು ದಿನದ ಕೆಲಸ. ಆ ಪತ್ರದ ಜೆರಾಕ್ಸ್ ಪ್ರಪೋಸಲ್ ಜೊತೆಗೂ ಹೋಗಲಿ.

ನಿಮ್ಮ ಊರಿಗೆ ಮಾತ್ರ ಗೊತ್ತಿರೋ ಕಾರಣವನ್ನೂ ಬರೆಯಿರಿ. ನಮ್ಮ ಕಡೆ ಸುಮಾರು ಮನೆಗಳಲ್ಲಿ ಮಾತು ತೆಲುಗು, ಕೆಲವು ಮನೆಗಳಲ್ಲಿ ಉರ್ದು. ಮಗುವಿಗೆ ಕನ್ನಡ ಸಿಗೋದೇ ಶಾಲೆಯಲ್ಲಿ. ಅಪ್ಪ ಅಮ್ಮ ರೇಷ್ಮೆ ನೂಲು ಬಿಚ್ಚುವ ಘಟಕಕ್ಕೆ ಕೆಲಸಕ್ಕೆ ಹೋದರೆ ಮನೆಗೆ ಬರೋದು ಸಂಜೆ ಮೇಲೆ. ಹಾಗಾಗಿ ಕ್ಲಾಸು ಐದೂವರೆಯಿಂದ ಏಳೂವರೆ. ನೋಡಿ, ಟೈಮಿಂಗ್‌ಗೂ ಕಾರಣ ಸಿಕ್ಕಿತು. ಈ ಸಾಲು ಬೆಂಗಳೂರಲ್ಲಿ ಕೂತು ಬರೆಯೋಕೆ ಆಗಲ್ಲ.

ಫಲಿತಾಂಶದ ಬಗ್ಗೆ ಒಂದು ಮಾತು. "1,200 ಕ್ಲಾಸು ನಡೆಸುತ್ತೇವೆ" ಅನ್ನೋದು ನಾವು ಮಾಡೋ ಕೆಲಸ. ಅದರಿಂದ ಏನಾಯಿತು? "ಮಾರ್ಚ್ ಹೊತ್ತಿಗೆ 150ರಲ್ಲಿ 90 ಮಕ್ಕಳು, ಮೊದಲು ನೋಡಿರದ ಒಂದು ಪ್ಯಾರಾ ಓದುತ್ತಾರೆ." ಇದು ಬೇಕು. ನೂರಕ್ಕೆ ನೂರು ಅಂತ ಬರೆದರೆ ಯಾರೂ ನಂಬಲ್ಲ, ಆಮೇಲೆ ಆಗದೇ ಇದ್ದಾಗ ವರದಿ ಬರೆಯೋರು ನೀವೇ.

[ಸ್ಕ್ರೀನ್ ಮೇಲೆ ಕಾಗದಗಳ ಫೋಲ್ಡರ್]

ಕಾಗದಪತ್ರ ಬೇಗ ಮುಗಿಸುತ್ತೇನೆ. ಟ್ರಸ್ಟ್ ಡೀಡ್ ಅಥವಾ ಸೊಸೈಟಿ ನೋಂದಣಿ, ಪ್ಯಾನ್, ಮೂರು ವರ್ಷದ ಆಡಿಟ್ ವರದಿ, 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ), ನೀತಿ ಆಯೋಗದ ಎನ್‌ಜಿಓ ದರ್ಪಣ್ ಐಡಿ. ಕಂಪನಿಗಳ ಸಿಎಸ್‌ಆರ್ ದುಡ್ಡು, ಅಂದ್ರೆ ಸಮಾಜದ ಕೆಲಸಕ್ಕೆ ಅವರು ಖರ್ಚು ಮಾಡೋ ದುಡ್ಡು, ಬೇಕಿದ್ದರೆ ಸಿಎಸ್‌ಆರ್-1 ನೋಂದಣಿ ಕೂಡ, 2021ರ ಏಪ್ರಿಲ್‌ನಿಂದ ಕಡ್ಡಾಯ. ಜೊತೆಗೆ ಅದೇ ಥರದ ಕೆಲಸದಲ್ಲಿ 3 ವರ್ಷದ ಅನುಭವ ಕೇಳುತ್ತಾರೆ. ವಿದೇಶದ ದುಡ್ಡಾದರೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, ಅದರಲ್ಲಿ ಆಡಳಿತ ಖರ್ಚು ಶೇ 20 ದಾಟುವಂತಿಲ್ಲ, ದುಡ್ಡು ಮೊದಲು ಬರೋದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಹೊಸ ಸಂಸ್ಥೆಯವರು ಸದ್ಯಕ್ಕೆ ಅದರ ತಂಟೆಗೆ ಹೋಗೋದು ಬೇಡ ಅಂತ ನನ್ನ ಅಭಿಪ್ರಾಯ.

ಯಾರನ್ನು ಕೇಳಬೇಕು? 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರೋ ಕಂಪನಿ, ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ 2 ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಸಾಲು ಇದೆ, ನಮ್ಮಂಥವರಿಗೆ ಬಂಗಾರ: ಕಂಪನಿ ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಅಂದ್ರೆ ಮುಂಬೈ ಹೆಡ್ ಆಫೀಸಿಗೆ ಮೇಲ್ ಹಾಕೋ ಮುಂಚೆ ನರಸಾಪುರ, ವೇಮಗಲ್, ಮಾಲೂರು, ಗೌರಿಬಿದನೂರು ಕಡೆಯ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಸುತ್ತು ಹಾಕಿ, ಗೇಟಿನ ಮುಂದಿನ ಬೋರ್ಡುಗಳನ್ನು ನೋಡಿ. ತುಮಕೂರಿನವರಾದರೆ ವಸಂತನರಸಾಪುರ. ಆಮೇಲೆ ಆ ಕಂಪನಿಯ ಸಿಎಸ್‌ಆರ್ ನೀತಿ ಓದಿ. ಅವರದು ಬರೀ ಕೆರೆ, ಆರೋಗ್ಯ ಅಂತಿದ್ದರೆ ನಮ್ಮ ಸಂಜೆ ಶಾಲೆಯನ್ನು ತಗೊಂಡು ಹೋಗಿ ಪ್ರಯೋಜನ ಇಲ್ಲ.

ಕಳಿಸೋ ಮುಂಚೆ ನಿಮ್ಮ ಕೆಲಸದ ಗಂಧಗಾಳಿ ಇಲ್ಲದ ಒಬ್ಬರಿಗೆ ಓದೋಕೆ ಕೊಡಿ. ನಾನು ನಮ್ಮ ಅತ್ತಿಗೆಗೆ ಕೊಡುತ್ತೇನೆ, ಬ್ಯಾಂಕಲ್ಲಿದ್ದಾರೆ. "ಸಬಲೀಕರಣ ಅಂದ್ರೆ ಏನಪ್ಪಾ ಮಾಡ್ತೀರಿ?" ಅಂತ ಕೇಳಿದರು ಒಂದು ಸಲ. ಉತ್ತರ ಹುಡುಕೋಕೆ ಹೋಗಿ ಆ ಪದವನ್ನೇ ಹೊಡೆದುಹಾಕಿದೆ. ಫೈಲ್ ಹೆಸರೂ ನೋಡಿಕೊಳ್ಳಿ, "ಫೈನಲ್ ಫೈನಲ್ 3" ಅಂತ ಕಳಿಸಿದವನು ನಾನು.

ಅವರು ದುಡ್ಡು ಕೊಡಲ್ಲ ಅಂದರೆ ಫೋನ್ ಮಾಡಿ ಯಾಕೆ ಅಂತ ಕೇಳಿ, ಸುಮಾರು ಜನ ಹೇಳುತ್ತಾರೆ.

ಈ ಬಜೆಟ್ ಶೀಟು ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿದೆ, ಇಳಿಸಿಕೊಂಡು ನಿಮ್ಮ ಅಂಕಿ ಹಾಕಿಕೊಳ್ಳಿ. ಆರನೇ ಟೀಚರನ್ನು ಸೇರಿಸಿದ್ದೇನೆ, ಎರಡು ಸಲ ಎಣಿಸಿದೆ.