ಎದುರಿಗೆ ಕೂತವರ ಮಾತು

ಕೇಳುಗರೇ, ನಮಸ್ಕಾರ.

ಕಾರವಾರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಹೋದ ವರ್ಷ ನಮ್ಮ ಮಕ್ಕಳಿಗೆ ಒಂದು ಚರ್ಚಾ ಸ್ಪರ್ಧೆ ಇಟ್ಟಿದ್ದೆವು. ವಿಷಯ ನಮ್ಮ ಮನೆಬಾಗಿಲಿನದ್ದೇ. ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಈ ನಿಷೇಧವನ್ನು 90 ದಿನಕ್ಕೆ ಏರಿಸಬೇಕೇ, ಬೇಡವೇ? ಇದು ಚರ್ಚೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಪರವಾಗಿ ಮಾತಾಡಿದಳು. ಅವಳ ಅಪ್ಪ ಬೋಟಿಗೆ ಹೋಗುವವರು. "ಜೂನ್ ಬಂದರೆ ನಮ್ಮ ಮನೆಯಲ್ಲಿ ದುಡ್ಡು ಇರುವುದಿಲ್ಲ. ಅಪ್ಪ ಜಗಲಿಯಲ್ಲಿ ಬಲೆ ರಿಪೇರಿ ಮಾಡುತ್ತಾ ಕೂತಿರುತ್ತಾರೆ. ಆದರೂ ನಾನು 90 ದಿನ ಬೇಕು ಅನ್ನುತ್ತೇನೆ. ಯಾಕೆಂದರೆ ಆಗಸ್ಟಿನಲ್ಲಿ ಬಲೆಗೆ ಬೀಳುವ ಬಂಗಡೆ ಇಷ್ಟೇ ಇರುತ್ತದೆ" ಅಂದು ಕಿರುಬೆರಳು ಎತ್ತಿ ತೋರಿಸಿದಳು. ಸಭೆ ಗಪ್‌ಚಿಪ್.

ಆಗ ಎದುರು ಪಕ್ಷದ ಹುಡುಗ ಎದ್ದ. "ನಾವು ಮಾತ್ರ 90 ದಿನ ನಿಲ್ಲಿಸಿದರೆ, ಗೋವಾದ ಬೋಟುಗಳು ಆಗಸ್ಟ್ 1ಕ್ಕೇ ಇಳಿಯುತ್ತವೆ. ನಾವು ಉಳಿಸಿದ ಮೀನು ಅವರು ಹಿಡಿಯುತ್ತಾರೆ. ಆಗ ನಿಮ್ಮ ಅಪ್ಪನಿಗೆ ಏನು ಸಿಕ್ಕಿತು?" ಅಂತ ಕೇಳಿದ.

ಹುಡುಗಿ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ಹೇಳಿದಳು. "ಸರಿ, ಅದು ನಿಜ. ಹಾಗಾದರೆ ನಾವೊಬ್ಬರೇ ಮಾಡಬಾರದು. ಈಗಿನ 61 ದಿನ ಗೋವಾಕ್ಕೂ ಇದೆ, ಅದರ ಮೇಲಿನ ಮಹಾರಾಷ್ಟ್ರಕ್ಕೂ ಇದೆ. ಏರಿಸುವುದಾದರೆ ಎಲ್ಲರಿಗೂ ಒಟ್ಟಿಗೇ ಏರಿಸಲಿ."

ನನಗೆ ಮೈ ಜುಂ ಅಂದಿತು. ಅವಳ ವಾದ ನನ್ನ ಕಣ್ಣೆದುರೇ ಬದಲಾಯಿತು, ಮತ್ತು ಗಟ್ಟಿಯಾಯಿತು.

ಮರುವಾರ ಇದೇ ವಿಷಯದ ಮೇಲೆ ಪ್ರಬಂಧ ಬರೆಸಿದೆ. ಅದೇ ಹುಡುಗಿ ಬರೆದದ್ದು ಏನು ಗೊತ್ತಾ? "ಮೀನುಗಾರಿಕೆಯು ಕರಾವಳಿಯ ಜನರ ಪ್ರಮುಖ ಉದ್ಯೋಗವಾಗಿದೆ." ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಎಲ್ಲ ಇತ್ತು. ಅಪ್ಪ ಇರಲಿಲ್ಲ, ಬಂಗಡೆ ಇರಲಿಲ್ಲ, ಗೋವಾದ ಬೋಟೂ ಇರಲಿಲ್ಲ. ತಪ್ಪು ಅವಳದ್ದಲ್ಲ. ಪ್ರಬಂಧ ಅಂದರೆ ಹೀಗೇ ಅಂತ ವರ್ಷಗಟ್ಟಲೆ ಕಲಿಸಿದವರು ನಾವು.

ವೇದಿಕೆಯ ಮೇಲೆ ಅವಳ ಎದುರಿಗೆ ಒಬ್ಬ ಕೂತಿದ್ದ. ಹಾಳೆಯ ಎದುರಿಗೆ ಯಾರೂ ಇರಲಿಲ್ಲ. ವ್ಯತ್ಯಾಸ ಇಷ್ಟೇ ಅಂತ ನನಗೆ ಅನ್ನಿಸಿತು.

ನಮ್ಮ ಜಿಲ್ಲೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಯಕ್ಷಗಾನದ್ದೇ ಒಂದು ರೂಪ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಪಾತ್ರಗಳ ಮಾತಾಡುವ ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ವಾಲಿವಧೆ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಅಂತ. ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ ರಾಮನ ಉತ್ತರಕ್ಕೂ ಕಳೆ ಬರುತ್ತದೆ. ವಾಲಿ ಸಪ್ಪೆಯಾದರೆ ರಾಮನೂ ಸಪ್ಪೆಯೇ. ಹಳೆಯ ಶಾಸ್ತ್ರ ಬರೆದವರೂ ಮೊದಲು ಪೂರ್ವಪಕ್ಷ, ಅಂದರೆ ಎದುರಿನವರ ವಾದ, ಹೇಳಿ, ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದರು, ಅಲ್ವಾ?

ಹಾಗಾಗಿ ಈಗ ನಾನು ಚರ್ಚೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಮಕ್ಕಳು ಅದನ್ನು ಕೇಳಿ, ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳುತ್ತಾರೆ. ಪೂರ್ತಿ ಭಾಷಣ ಬೇಡ. ಮೊದಲಿನ ಐದು ನಿಮಿಷ ಬಹಳ ಸಲ ಬಾಯಿಪಾಠ. ದೊಡ್ಡವರು ಯಾರೋ ಬರೆದುಕೊಟ್ಟದ್ದು. ನಾನೂ ಬರೆದುಕೊಟ್ಟಿದ್ದೇನೆ, ಈಗ ಬಿಟ್ಟಿದ್ದೇನೆ. ನಮಗೆ ಬೇಕಾದದ್ದು ಎದುರಿನವರಿಗೆ ಉತ್ತರ ಕೊಟ್ಟ ಆ ಒಂದೆರಡು ನಿಮಿಷ. ಅಲ್ಲಿ ಮಗು ಸ್ವಂತ ಯೋಚಿಸಿರುತ್ತದೆ.

ಬರೆದ ಮೇಲೆ ತಿದ್ದುವ ಕೆಲಸ. "ಮಾನ್ಯ ತೀರ್ಪುಗಾರರೇ" ಹೋಗುತ್ತದೆ. ಚಪ್ಪಾಳೆಗಾಗಿ ಹೇಳಿದ ಕವಿತೆಯ ಸಾಲು ಹೋಗುತ್ತದೆ. ಒಂದೇ ಮಾತನ್ನು ಮೂರು ಸಲ ಹೇಳಿದ್ದರೆ ಒಂದು ಸಾಕು. ಕೇಳುವವರಿಗೆ ಮೂರು ಸಲ ಬೇಕು, ಓದುವವರು ಹಿಂದೆ ತಿರುಗಿ ನೋಡಬಲ್ಲರು.

ಕೆಲವನ್ನು ಹೊಸದಾಗಿ ಸೇರಿಸಬೇಕಾಗುತ್ತದೆ. "ಬಂಗಡೆ ಇಷ್ಟೇ ಇರುತ್ತದೆ" ಅನ್ನುವ ಸಾಲನ್ನು ಆ ಹುಡುಗಿಯೇ ಓದಿ ನೋಡಿದಳು. "ಸರ್, ಎಷ್ಟು ಅಂತಲೇ ಗೊತ್ತಾಗುವುದಿಲ್ಲ" ಅಂದಳು. ಬೆರಳು ಹಾಳೆಯ ಮೇಲೆ ಬಂದಿರಲಿಲ್ಲ. "ನನ್ನ ಕಿರುಬೆರಳಿನಷ್ಟು ಉದ್ದದ ಬಂಗಡೆ" ಅಂತ ತಿದ್ದಿದಳು. ವರ್ಣನೆ ಯಾಕೆ ಬೇಕು ಅಂತ ನಾನು ಎಷ್ಟೋ ಪಾಠ ಮಾಡಿದ್ದೆ. ಅದು ಅವಳಿಗೆ ತಲುಪಿದ್ದು ಆವತ್ತು.

ಇನ್ನೊಂದು ಅಭ್ಯಾಸ ನನಗೆ ತುಂಬಾ ಇಷ್ಟ. ಎದುರು ಪಕ್ಷದ ವಾದವನ್ನು ನಾಲ್ಕು ಸಾಲಿನಲ್ಲಿ ಬರೆದು, ಅದನ್ನು ಅವರಿಗೇ ತೋರಿಸಬೇಕು. "ಹೌದು, ನಾನು ಹೇಳಿದ್ದು ಇದನ್ನೇ" ಅಂತ ಅವರು ಒಪ್ಪಿದ ಮೇಲೆಯೇ ಉತ್ತರ ಬರೆಯಬೇಕು. ಮೊದಮೊದಲು ಯಾರೂ ಒಪ್ಪುವುದಿಲ್ಲ. "ನಾನು ಹಾಗೆ ಹೇಳಲೇ ಇಲ್ಲ" ಅಂತ ಜಗಳವೇ ಆಗುತ್ತದೆ. ಆ ಜಗಳ ಆಗಲಿ. ಎದುರಿನವರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಮಕ್ಕಳಿಗೆ ಅಲ್ಲಿ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಲು ನಾಲ್ಕೈದು ಪಿರಿಯಡ್ ಬೇಕು. ಪಾಠ ಮುಗಿಸುವ ಅವಸರದಲ್ಲಿ ಅಷ್ಟು ಸಮಯ ಎಲ್ಲಿದೆ ಅಂತ ಶಿಕ್ಷಕ ಗೆಳೆಯರು ಕೇಳುತ್ತಾರೆ. ಹತ್ತು ಪ್ರಬಂಧ ಬಾಯಿಪಾಠ ಮಾಡಿಸುವ ಬದಲು ಒಂದನ್ನು ಹೀಗೆ ಬರೆಸಿ ನೋಡಿ ಅನ್ನುತ್ತೇನೆ.

ಆ ಹುಡುಗಿ ಪ್ರಬಂಧವನ್ನು ಮತ್ತೆ ಬರೆದಳು. "ಜೂನ್ ತಿಂಗಳಲ್ಲಿ ನನ್ನ ಅಪ್ಪ ಜಗಲಿಯಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾರೆ" ಅಂತ ಶುರು. ಅದನ್ನು ಎದುರು ಪಕ್ಷದ ಹುಡುಗನಿಗೇ ಓದಲು ಕೊಟ್ಟೆ. ಅವನು ಎರಡು ಸಲ ಓದಿದ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ, "ಆ ಒಂದು ತಿಂಗಳು ಜಾಸ್ತಿ ಮನೆಯಲ್ಲಿ ಕೂರುವ ಅಪ್ಪಂದಿರಿಗೆ ಖರ್ಚಿಗೆ ಯಾರು ಕೊಡುತ್ತಾರೆ?"

ಹುಡುಗಿ ಪುಸ್ತಕ ವಾಪಸ್ ತೆಗೆದುಕೊಂಡು ಮನೆಗೆ ಹೋದಳು. ಮಾರನೇ ದಿನ ಇನ್ನೂ ಒಂದು ಪುಟ ಬರೆದು ತಂದಿದ್ದಳು. ಅಪ್ಪನನ್ನೇ ಕೇಳಿಕೊಂಡು ಬಂದಿದ್ದಳು.

ನಮಸ್ಕಾರ.